ವಲಿಯಪರಂಬ: ಹಕ್ಕಿ ನೋಡೋಕೆ ಹೋಗುವವರು ಬೋಟು ಬುಕ್ ಮಾಡಬೇಡಿ

2,500 ರೂಪಾಯಿ ಕೊಟ್ಟು ನಾವು ನೋಡಿದ್ದು ಒಂದಷ್ಟು ನೀರುಕಾಗೆ, ನಾಲ್ಕು ಬೆಳ್ಳಕ್ಕಿ. ಅವು ನಮ್ಮ ಪೆರ್ಲದ ಗದ್ದೆಯಲ್ಲೂ ಇವೆ. "ಇದಕ್ಕೆ ಇಷ್ಟು ದೂರ ಬರಬೇಕಿತ್ತಾ?" ಎಂದು ಹೆಂಡತಿ ಕೇಳಿದಳು. ನಾನು ಬೈನಾಕ್ಯುಲರ್ ಒರೆಸುತ್ತಾ ಕೂತೆ.

ವಲಿಯಪರಂಬ ಇರುವುದು ಕಾಸರಗೋಡು ಜಿಲ್ಲೆಯ ದಕ್ಷಿಣ ತುದಿಯಲ್ಲಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಕವ್ವಾಯಿ ಹಿನ್ನೀರು, ನಡುವೆ ಒಣಗಲು ಹಾಕಿದ ಸೀರೆಯ ಹಾಗೆ ಉದ್ದಕ್ಕೆ ಬಿದ್ದಿರುವ ದ್ವೀಪ. ಕೆಲವು ಕಡೆ ಈ ದಡದಿಂದ ಆ ದಡಕ್ಕೆ ಹತ್ತು ನಿಮಿಷದ ನಡಿಗೆಯೂ ಇಲ್ಲ. ಚಂದ್ರಗಿರಿ ಹೊಳೆ ದಾಟಿದ ಮೇಲೆ ಕನ್ನಡ ಬೋರ್ಡು ಹುಡುಕಬೇಡಿ, ಮಲಯಾಳ ಸ್ವಲ್ಪ ಬಂದರೆ ಸಾಕು.

ಮೊದಲ ದಿನ ಮೋಸ ಹೋದದ್ದು ಖಾಸಗಿ ಬೋಟಿನಲ್ಲಿ. ಫೋನಿನಲ್ಲಿ "ಹಕ್ಕಿ ಟ್ರಿಪ್, ಎರಡು ಗಂಟೆ" ಎಂದಿದ್ದರು. ಹತ್ತಿದ ಮೇಲೆ ನೋಡಿದರೆ ದೊಡ್ಡ ಸ್ಪೀಕರು, ಸಿನಿಮಾ ಹಾಡು, ಡೀಸೆಲ್ ಇಂಜಿನಿನ ಗಡಗಡ. ಮರಳು ದಿಬ್ಬದ ಮೇಲೆ ಕೂತಿದ್ದ ರೀವಗಳು (ಟರ್ನ್ ಹಕ್ಕಿಗಳು) ನಾವು ಹತ್ತಿರ ಹೋಗುವ ಮೊದಲೇ ಎದ್ದು ಹೋದವು. ನಿಧಾನ ಹೋಗಿ ಎಂದರೆ "ಹಕ್ಕಿ ತಾನೇ, ಅಗೋ ಮೇಲೆ ಹಾರ್ತಾ ಉಂಟಲ್ಲ" ಎಂಬ ಉತ್ತರ. ಆಮೇಲೆ ಅರ್ಧ ಗಂಟೆ ಎಲ್ಲರೂ ಸೆಲ್ಫಿ ತೆಗೆಯುವ ಜಾಗದಲ್ಲಿ ನಿಲ್ಲಿಸಿದರು. ಜನಜಂಗುಳಿ ನನಗೆ ಆಗುವುದಿಲ್ಲ, ಹಾಗಾಗಿ ನನ್ನ ಕೋಪ ಸ್ವಲ್ಪ ಜಾಸ್ತಿಯೇ ಇರಬಹುದು. ಮಕ್ಕಳಿದ್ದವರಿಗೆ ಅದೇ ಖುಷಿ ಆಗಬಹುದೇನೋ.

ರಾತ್ರಿಯ ರೂಮಿನ ಕಥೆಯೂ ಅಷ್ಟೇ. "ಹಿನ್ನೀರಿನ ನೋಟ" ಎಂದು 3,200 ತೆಗೆದುಕೊಂಡರು. ಕಿಟಕಿ ತೆಗೆದರೆ ಪಚ್ಚಿಲೆ (ತಿನ್ನುವ ಕಡಲ ಚಿಪ್ಪುಜೀವಿ) ಚಿಪ್ಪಿನ ರಾಶಿ. ವಾಸನೆ ಫ್ರೀ.

ಮರುದಿನ ಬುದ್ಧಿ ಬಂತು. ತೃಕರಿಪುರದ ಹತ್ತಿರ ಆಯಿಟ್ಟಿ ಕಡವಿನಿಂದ ಸರ್ಕಾರದ ಜಲಸಾರಿಗೆ ಬೋಟು ಹೊರಡುತ್ತದೆ. ಟಿಕೆಟ್ಟಿಗೆ ಚಿಲ್ಲರೆ ಕಾಸು. ಮೀನಿನ ಬುಟ್ಟಿ, ಶಾಲೆ ಮಕ್ಕಳು, ಅಕ್ಕಿ ಚೀಲದ ನಡುವೆ ಕೂತು ಹೋಗಿ ದ್ವೀಪದಲ್ಲಿ ಇಳಿದೆವು. "ಕುಳಂ ಎವಿಡೆ?" (ಕೆರೆ ಎಲ್ಲಿ?) ಎಂದು ಕೇಳಿದ್ದಕ್ಕೆ ಒಬ್ಬ ಅಜ್ಜ ತೆಂಗಿನ ತೋಟದ ಕಡೆ ಕೈ ತೋರಿಸಿದರು.

ಸುತ್ತ ಉಪ್ಪುನೀರು, ನಡುವೆ ಸಿಹಿನೀರಿನ ಕೆರೆ! ನನಗೆ ಆಶ್ಚರ್ಯ ಆದದ್ದು ಇಲ್ಲೇ. ಮಳೆ ನೀರು ಮರಳಿಗೆ ಇಳಿದು, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ನಿಲ್ಲುತ್ತದೆ. ಅಲ್ಲಿನ ಬಾವಿ ನೀರು ಸಿಹಿ ಇರುವುದೂ ಹಾಗೇ. ಕೆರೆ ದೊಡ್ಡದೇನಲ್ಲ, ನಮ್ಮೂರ ಶಾಲೆ ಮೈದಾನದಷ್ಟು. ಅರ್ಧ ತಾವರೆ ಎಲೆ.

ಮೊದಲು ಕಂಡದ್ದು ನೇರಳೆ ಜಂಬುಕೋಳಿ. ಅಲ್ಲಿನವರ ಬಾಯಲ್ಲಿ ನೀಲಕ್ಕೋಳಿ. ಒಂದು ದಂಟನ್ನು ಕಿತ್ತು, ಕಾಲಿನ ಬೆರಳಲ್ಲಿ ನಾವು ಕಬ್ಬು ಹಿಡಿದ ಹಾಗೆ ಹಿಡಿದು, ಬಾಯಿಗೆ ತಂದು ಜಗಿಯುತ್ತಿತ್ತು. ಆಮೇಲೆ ದೇವನಕ್ಕಿ, ಅವರ ತಾಮರಕ್ಕೋಳಿ. ಎಲೆ ಮೇಲೆ ಕಾಲಿಡುತ್ತದೆ, ಎಲೆ ಒಂದು ಬೆರಳಷ್ಟು ಮುಳುಗುತ್ತದೆ, ನೀರು ಮೇಲೆ ಬರುವಷ್ಟರಲ್ಲಿ ಅದು ಮುಂದಿನ ಎಲೆಯಲ್ಲಿ. ಉದ್ದ ಬಾಲ ಹುಡುಕಿ ಬೇಜಾರು ಮಾಡ್ಕೋಬೇಡಿ, ಬಾಲದ ದೇವನಕ್ಕಿಗೆ ಆ ಬಾಲ ಮಳೆಗಾಲದಲ್ಲಿ ಮರಿ ಮಾಡುವಾಗ ಮಾತ್ರ. ಮೊಟ್ಟೆಗೆ ಕಾವು ಕೊಡುವುದು ಗಂಡು ಎಂದು ಹೇಳಿದಾಗ ಹೆಂಡತಿಗೆ ಮೊದಲ ಸಲ ಈ ಪ್ರವಾಸ ಇಷ್ಟವಾಯಿತು.

ಒಂದು ಗುಟ್ಟು ಹೇಳ್ತೇನೆ. ಗಡಿಯಾರ ನೋಡಿ ಹೋಗಬೇಡಿ, ಉಬ್ಬರ ನೋಡಿ ಹೋಗಿ. ಇಳಿತದಲ್ಲಿ ಗೊರವದಂಥ ಕೆಸರು ಹಕ್ಕಿಗಳೆಲ್ಲ ಹಿನ್ನೀರಿನ ಕೆಸರಲ್ಲಿ ಚದುರಿರುತ್ತವೆ, ಬಿಸಿಲಲ್ಲಿ ಚುಕ್ಕಿಯ ಹಾಗೆ ಕಾಣುತ್ತವೆ. ನೀರು ಏರಿದಾಗ ಕೆಸರು ಮುಚ್ಚಿ ಅವಕ್ಕೆ ನಿಲ್ಲಲು ಜಾಗ ಬೇಕು, ಆಗ ಕೆರೆಯ ಬದುವಿಗೆ ಬರುತ್ತವೆ. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ, ಹೊರಡುವ ಹಿಂದಿನ ದಿನವೇ ನೋಡಿಕೊಳ್ಳಿ. ಚಳಿಗಾಲದ ವಲಸೆ ಹಕ್ಕಿ ಬೇಕಾದರೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಕಪ್ಪುತಲೆಯ ಮಿಂಚುಳ್ಳಿ ಕಂಡಲ್ (ಮ್ಯಾಂಗ್ರೋವ್) ಗಿಡದಲ್ಲಿ ಸುಮ್ನೆ ಕೂತಿರುತ್ತದೆ, ತಲೆಯ ಕಪ್ಪಿನಿಂದ ಗುರುತು ಹಿಡಿಯಿರಿ.

ಈಗ ಊಟ. ದ್ವೀಪದ ಕಡವಿನ ಪಕ್ಕ ಒಂದು ಶೀಟಿನ ಅಂಗಡಿ, ಮೂರು ಬೆಂಚು, ಬೋರ್ಡು ಇಲ್ಲ. ಹನ್ನೊಂದಕ್ಕೆ ಹೋದರೆ ಕಪ್ಪ (ನಮ್ಮ ಮರಗೆಣಸು) ಬೇಯುತ್ತಿತ್ತು. ಅದರ ಮೇಲೆ ಬೂತಾಯಿ ಮೀನಿನ ಕೆಂಪು ಸಾರು, ಹುಳಿ ನಾಲಿಗೆ ಜುಮ್ಮೆನ್ನುವಷ್ಟು. ಆಮೇಲೆ ಆ ಅಮ್ಮ ಕೇಳದೆಯೇ ಒಂದು ತಟ್ಟೆ ಅರಿಕಡುಕ್ಕ ತಂದಿಟ್ಟರು. ಪಚ್ಚಿಲೆ ಚಿಪ್ಪಿನೊಳಗೆ ಅಕ್ಕಿ, ತೆಂಗಿನಕಾಯಿ ರುಬ್ಬಿ ತುಂಬಿ, ಹಬೆಯಲ್ಲಿ ಬೇಯಿಸಿ, ಚಿಪ್ಪು ತೆಗೆದು ಮಸಾಲೆ ಹಚ್ಚಿ ಕಾಯಿಸಿದ್ದು. ಹತ್ತಿರದ ಪಡನ್ನ ಕಡೆ ಹಗ್ಗದಲ್ಲಿ ಪಚ್ಚಿಲೆ ಬೆಳೆಸುತ್ತಾರೆ, ಹಾಗಾಗಿ ತಾಜಾ. ಹೊರಗೆ ಗರಿಗರಿ, ಒಳಗೆ ಕಡಬಿನಷ್ಟು ಮೆತ್ತಗೆ. ನಾನು ಏಳು ತಿಂದೆ, ಹೆಂಡತಿ ಲೆಕ್ಕ ಹೇಳಲಿಲ್ಲ. ಇಬ್ಬರಿಗೆ ಎಲ್ಲಾ ಸೇರಿ 210 ರೂಪಾಯಿ. ಚಹಾಕ್ಕೆ ದುಡ್ಡು ತೆಗೆದುಕೊಳ್ಳಲೇ ಇಲ್ಲ.

ಮೂರನೇ ದಿನ ಬೇಕಲ ಕೋಟೆಗೆ ಹೋದೆವು. ಎಲ್ಲರೂ ಹೋಗುತ್ತಾರೆ ಅಲ್ವಾ, ಬರೆಯುವಂಥದ್ದು ಏನಿಲ್ಲ.

ವಾಪಸು ಬೋಟಿನ ಹೊತ್ತು ಇಳಿಯುವಾಗಲೇ ಕೇಳಿಟ್ಟುಕೊಳ್ಳಿ. ದ್ವೀಪಕ್ಕೆ ಹೋದ ದಿನ ನಾವು ಕೇಳಿರಲಿಲ್ಲ. ಕೊನೆಗೆ ಆ ಅಂಗಡಿಯ ಅಮ್ಮನ ಮಗ ಸ್ಕೂಟರಿನಲ್ಲಿ ಒಬ್ಬೊಬ್ಬರನ್ನೇ ಸೇತುವೆ ದಾಟಿಸಿ ಬಿಟ್ಟ. ಎರಡನೇ ಸಲ ನನ್ನನ್ನು ಕರೆದುಕೊಂಡು ಹೋಗಲು ಬಂದಾಗ ಅವನ ಕೈಯಲ್ಲಿ ಒಂದು ಪೊಟ್ಟಣ ಇತ್ತು. ಉಳಿದ ಅರಿಕಡುಕ್ಕ.