ಕೆಮ್ನಿಟ್ಸ್‌ನ ‘ವಾ’, ಪ್ರಾಗ್‌ನ ‘ಜಾ’

ಅಪ್ಪನ ಗ್ಯಾರೇಜು ಮೈಸೂರಿನ ಮಂಡಿ ಮೊಹಲ್ಲಾದಲ್ಲಿದೆ. ಬೋರ್ಡಿನಲ್ಲಿ ‘ಎಲ್ಲಾ ದ್ವಿಚಕ್ರ ವಾಹನಗಳ ರಿಪೇರಿ’ ಅಂತಿದ್ದರೂ ಬಾಗಿಲಿಗೆ ಬರುವವರಲ್ಲಿ ಹೆಚ್ಚಿನವರು ಜಾವಾ, ಯೆಜ್ಡಿ ಇಟ್ಟುಕೊಂಡವರೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರ ಕೈಕೆಳಗೆ ಅಪ್ಪ ಸ್ಪ್ಯಾನರ್ ಹಿಡಿಯುವುದನ್ನು ಕಲಿತರು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ನಾನು ಹುಟ್ಟಿದ್ದು ಆಮೇಲೆ. ಕಾರ್ಖಾನೆ ನಾನು ನೋಡಲಿಲ್ಲ, ಆದರೆ ಅದು ಮಾಡಿದ ಗಾಡಿಗಳ ಸದ್ದಿನಲ್ಲೇ ಬೆಳೆದೆ. ನನ್ನ ಸ್ಕೂಲ್ ಫೀಸು, ಕಾಲೇಜು, ಕೊನೆಗೆ ಜರ್ಮನಿಗೆ ಬಂದ ವಿಮಾನದ ಟಿಕೆಟ್ಟು, ಎಲ್ಲದರಲ್ಲೂ ಆ ಗಾಡಿಗಳ ಪಾಲಿದೆ.

ಈಗ ನಾನಿರುವುದು ಜರ್ಮನಿಯ ಸ್ಯಾಕ್ಸನಿ ರಾಜ್ಯದ ಕೆಮ್ನಿಟ್ಸ್‌ನಲ್ಲಿ. ಓದುತ್ತಿರುವುದು ಆಟೊಮೋಟಿವ್ ಸಾಫ್ಟ್‌ವೇರ್ ಎಂಜಿನಿಯರಿಂಗ್. 1953ರಿಂದ 1990ರವರೆಗೆ ಕಾರ್ಲ್ ಮಾರ್ಕ್ಸ್ ಸ್ಟಾಟ್ ಅನ್ನಿಸಿಕೊಂಡಿದ್ದ ಊರು ಇದು. ನಡುಪೇಟೆಯಲ್ಲಿ ಮಾರ್ಕ್ಸ್‌ನ ಏಳು ಮೀಟರ್ ಎತ್ತರದ ಕಂಚಿನ ತಲೆ ಇವತ್ತಿಗೂ ಇದೆ. ಇಲ್ಲಿ 1928ರಲ್ಲಿ ಕಟ್ಟಿದ ಬಹುಮಹಡಿ ಗ್ಯಾರೇಜೊಂದರಲ್ಲಿ ಸ್ಯಾಕ್ಸನಿಯ ಹಳೇ ವಾಹನಗಳ ಮ್ಯೂಸಿಯಂ ಇದೆ. ಚಳಿಗಾಲದ ಒಂದು ಭಾನುವಾರ ಅಲ್ಲಿಗೆ ಹೋಗಿದ್ದಾಗ ‘ವಾಂಡರರ್’ ಅನ್ನುವ ಹೆಸರು ಕಣ್ಣಿಗೆ ಬಿತ್ತು. ಸೈಕಲ್ಲಿನಿಂದ ಶುರುಮಾಡಿ ಮೋಟಾರ್‌ಸೈಕಲ್, ಕಾರು ಎಲ್ಲವನ್ನೂ ತಯಾರಿಸಿದ ಕೆಮ್ನಿಟ್ಸ್‌ನದೇ ಕಂಪನಿ. ಆಡಿ ಕಾರಿನ ನಾಲ್ಕು ಬಳೆಗಳಲ್ಲಿ ಒಂದು ಬಳೆ ಇದರದ್ದು. ಮನೆಗೆ ಬಂದು ಇನ್ನಷ್ಟು ಓದಿದಾಗ ಮೈ ಜುಂ ಅಂತು. 1929ರಲ್ಲಿ ಮೋಟಾರ್‌ಸೈಕಲ್ ಕೈಬಿಡಲು ಹೊರಟಿದ್ದ ವಾಂಡರರ್, ತನ್ನ 500 ಸಿಸಿ ಗಾಡಿಯ ವಿನ್ಯಾಸವನ್ನು ಪಕ್ಕದ ಚೆಕ್ ನಾಡಿನ ಪ್ರಾಗ್‌ನ ಫ್ರಾಂಟಿಶೆಕ್ ಯಾನೆಚೆಕ್‌ಗೆ ಕೊಟ್ಟಿತು. ಆತ ಅಲ್ಲಿಯವರೆಗೆ ಬಂದೂಕು, ಕೈಬಾಂಬು ತಯಾರಿಸುತ್ತಿದ್ದವನು. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿ ಹೊಸ ಗಾಡಿಗೆ ಹೆಸರಿಟ್ಟ. ಅದೇ ಜಾವಾ.

ಆ ರಾತ್ರಿಯೇ ಫೋನು ಮಾಡಿದೆ. “ಅಪ್ಪಾ, ಜಾವಾದಲ್ಲಿರೋ ‘ವಾ’ ನಾನಿರೋ ಊರಿಂದು!”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಂಗಾದ್ರೆ ‘ಜಾ’ ಯಾವೂರಿಂದು?”

“ಪ್ರಾಗ್. ರೈಲಲ್ಲಿ ನಾಲ್ಕು ಗಂಟೆ.”

“ಪರೀಕ್ಷೆ ಮುಗಿದ ಮೇಲೆ ಹೋಗಿ ನೋಡ್ಕೊಂಡು ಬಾರಮ್ಮ. ಎಡಗಡೆಯಿಂದ ಫೋಟೋ ತೆಗಿ. ಬಲಗಡೆಯಿಂದ ಎಲ್ಲರೂ ತೆಗೀತಾರೆ.”

ಹೀಗೆ ಏಪ್ರಿಲ್ ಕೊನೆಯ ಒಂದು ಶನಿವಾರ ಬೆಳಿಗ್ಗೆ ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ಹೊರಟೆ. ಡ್ರೆಸ್ಡೆನ್‌ವರೆಗಿನ ಪ್ರಾದೇಶಿಕ ರೈಲಿಗೆ ತಿಂಗಳ ಡಾಯ್ಚ್‌ಲಾಂಡ್ ಟಿಕೆಟ್ ಸಾಕು, ಅಲ್ಲಿಂದ ಪ್ರಾಗ್‌ಗೆ ಯೂರೋಸಿಟಿ ರೈಲು, ಅದಕ್ಕೆ ಬೇರೆ ಟಿಕೆಟ್. ಈ ದಾರಿಯಲ್ಲಿ ಹೋಗುವವರು ದಯವಿಟ್ಟು ಎಡಗಡೆ ಕಿಟಕಿ ಹಿಡಿಯಿರಿ. ಡ್ರೆಸ್ಡೆನ್ ದಾಟಿದ ಮೇಲೆ ಹಳಿ ಎಲ್ಬೆ ನದಿಯ ದಡಕ್ಕೆ ಅಂಟಿಕೊಂಡೇ ಸಾಗುತ್ತದೆ. ಆಚೆ ದಡದಲ್ಲಿ ಮರಳುಗಲ್ಲಿನ ಕಂಬಗಳು ಒಂದರ ಪಕ್ಕ ಒಂದು ಎದ್ದು ನಿಂತಿವೆ. ಅಷ್ಟು ಹೊತ್ತು ಎಲ್ಬೆ ಆಗಿದ್ದ ನದಿ ಗಡಿ ದಾಟುತ್ತಲೇ ಲಾಬೆ ಆಗುತ್ತದೆ. ಕೊಡಗಿನಲ್ಲಿ ಹುಟ್ಟಿದ ಕಾವೇರಿಗೆ ಹೊಗೇನಕಲ್ ದಾಟಿದರೂ ಕಾವೇರಿ ಅಂತಲೇ ಹೆಸರು. ಇಲ್ಲಿ ನೀರು ಅದೇ ಇದ್ದು ಹೆಸರು ಬದಲಾಗುವುದು ನನಗೆ ಹೊಸದು. ಎರಡೂ ಷೆಂಗೆನ್ ದೇಶಗಳಾದ್ದರಿಂದ ನಮ್ಮ ಜರ್ಮನ್ ವಾಸದ ಪರವಾನಗಿಯೇ ಸಾಕು, ವೀಸಾ ಬೇಡ. ಆದರೆ ಪಾಸ್‌ಪೋರ್ಟ್ ಮರೆಯಬಾರದು. ವಾಪಸು ಬರುವಾಗ ಪೊಲೀಸರು ಬೋಗಿ ಹತ್ತಿ ಒಬ್ಬೊಬ್ಬರದೇ ನೋಡಿದರು.

ಪ್ರಾಗ್‌ನ ಉತ್ತರ ಭಾಗದ ಹೊಲೆಶೊವಿತ್ಸೆ ನಿಲ್ದಾಣದಲ್ಲೇ ಇಳಿದುಬಿಟ್ಟೆ. ಎಲ್ಲರೂ ಮುಂದಿನ ಮುಖ್ಯ ನಿಲ್ದಾಣಕ್ಕೆ ಹೋಗುತ್ತಾರೆ. ನನಗೆ ಮೊದಲು ಬೇಕಾಗಿದ್ದದ್ದು ಲೆಟ್ನಾ ಗುಡ್ಡದ ಮೇಲಿನ ರಾಷ್ಟ್ರೀಯ ತಾಂತ್ರಿಕ ಮ್ಯೂಸಿಯಂ, ಅದಕ್ಕೆ ಇದೇ ಹತ್ತಿರ.

ಆ ಮ್ಯೂಸಿಯಂನ ಸಾರಿಗೆ ವಿಭಾಗಕ್ಕೆ ಕಾಲಿಟ್ಟ ಕೂಡಲೇ ಕತ್ತು ತಾನಾಗಿ ಮೇಲಕ್ಕೆ ಹೋಗುತ್ತದೆ. ರೈಲ್ವೆ ನಿಲ್ದಾಣದಷ್ಟು ದೊಡ್ಡ ಹಜಾರ. ಕೆಳಗೆ ಉಗಿ ಎಂಜಿನ್ನುಗಳು, ಸಾಲಾಗಿ ಕಾರುಗಳು, ಸೂರಿನಿಂದ ನೇತುಬಿಟ್ಟ ವಿಮಾನಗಳು, ಸುತ್ತ ಮಹಡಿ ಮಹಡಿಯಾಗಿ ಮೊಗಸಾಲೆ. 1897ರಲ್ಲಿ ಕೊಪ್ರಿವ್ನಿತ್ಸೆ ಎಂಬ ಊರಿನಲ್ಲಿ ತಯಾರಾದ ‘ಪ್ರೆಸಿಡೆಂಟ್’ ಕಾರು ಅಲ್ಲಿದೆ. ನೋಡಲು ಥೇಟ್ ಕುದುರೆ ಬಿಚ್ಚಿದ ಸಾರೋಟು. ಎಲ್ಲವನ್ನೂ ಸಾವಕಾಶವಾಗಿ ನೋಡಬೇಕೆಂದುಕೊಂಡಿದ್ದೆ. ಕಾಲು ಕೇಳಲಿಲ್ಲ, ಮೆಟ್ಟಿಲು ಹತ್ತಿ ಮೋಟಾರ್‌ಸೈಕಲ್ಲುಗಳ ಕಡೆ ನಡೆದೇಬಿಟ್ಟಿತು.

ಮರೂನ್ ಬಣ್ಣ ದೂರದಿಂದಲೇ ಕಂಡಿತು. ಅದೇ ಬಣ್ಣ. ಟ್ಯಾಂಕಿನ ಪಕ್ಕಕ್ಕೆ ಕ್ರೋಮು, ಮಂಡಿ ಒತ್ತುವಲ್ಲಿ ಕಪ್ಪು ರಬ್ಬರು. ಎಡಗಡೆಗೆ ಹೋಗಿ ನೆಲಕ್ಕೆ ಕೂತೆ. ಜಾವಾ ಓಡಿಸದವರಿಗೆ ಇದು ಹೇಳಬೇಕು: ಬೇರೆ ಗಾಡಿಗಳಲ್ಲಿ ಕಿಕ್ಕರ್ ಬೇರೆ, ಗೇರ್ ಬೇರೆ. ಇದರಲ್ಲಿ ಎರಡಕ್ಕೂ ಒಂದೇ ಲಿವರ್. ಒಳಕ್ಕೆ ಒತ್ತಿ ಹಿಂದಕ್ಕೆ ಎತ್ತಿ ನಿಲ್ಲಿಸಿದರೆ ಕಿಕ್ಕರ್, ಗಾಡಿ ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಮಲಗಿಸಿದರೆ ಅದೇ ಗೇರ್. ಗೇರ್ ಒತ್ತುವಾಗ ಕ್ಲಚ್ಚು ತಾನೇ ಬಿಡಿಸಿಕೊಳ್ಳುತ್ತದೆ, ಕೈ ಹಿಡಿಯಲೇಬೇಕೆಂದಿಲ್ಲ. ಅಂಗಡಿಗೆ ಬರುವ ಹೊಸ ಹುಡುಗರಿಗೆ ಅಪ್ಪ ಮೊದಲು ಕಲಿಸುವ ಪಾಠ ಇದೇ. ನಾನೂ ಏಳನೇ ಕ್ಲಾಸಿನಲ್ಲಿ ಕಲಿತೆ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿಕೊಂಡು.

ಅಲ್ಲೇ ಕೂತು ಇಪ್ಪತ್ತು ಫೋಟೋ ತೆಗೆದಿರಬೇಕು. ಪಕ್ಕದಲ್ಲಿ ಮೊಮ್ಮಗನನ್ನು ಕರೆತಂದಿದ್ದ ಅಜ್ಜ ಒಬ್ಬರು ನನ್ನನ್ನೇ ನೋಡುತ್ತಿದ್ದರು. ಹತ್ತಿರ ಬಂದು “ಯಾವಾ?” ಅಂದರು.

ಒಂದು ಕ್ಷಣ ಕನ್ನಡವೇ ಕಿವಿಗೆ ಬಿದ್ದಂತಾಯಿತು. ಯಾವ ಗಾಡಿ ಅಂತ ಕೇಳುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಹೊಳೆಯಿತು, ಚೆಕ್ ಭಾಷೆಯಲ್ಲಿ ಜೆ ಅಕ್ಷರಕ್ಕೆ ‘ಯ’ ಉಚ್ಚಾರ. ಯಾನೆಚೆಕ್‌ನ ‘ಯಾ’. ಅವರ ಊರಿನಲ್ಲಿ ಇದು ಹುಟ್ಟಿದಂದಿನಿಂದಲೂ ಯಾವಾ. ನಾವು ಜಾವಾ ಅಂದುಕೊಂಡು ಅಷ್ಟು ವರ್ಷ ಓಡಿಸಿದ್ದೇವೆ. ಅಪ್ಪ ‘ಜಿಕಾವ್’ ಅನ್ನುವ ಕಾರ್ಬ್ಯುರೇಟರ್ ಕೂಡ ಇಲ್ಲಿ ಯಿಕೋವ್.

ಅವರಿಗೆ ಹಳೇ ಕಾಲದ ಜರ್ಮನ್ ಸ್ವಲ್ಪ ಬರುತ್ತಿತ್ತು, ನನಗೆ ಹೊಸದಾಗಿ ಕಲಿತ ಜರ್ಮನ್ ಸ್ವಲ್ಪ. ನಮ್ಮೂರಿನಲ್ಲೂ ಈ ಗಾಡಿ ತಯಾರಾಗುತ್ತಿತ್ತು, ನಮ್ಮಪ್ಪ ಈಗಲೂ ಇದನ್ನೇ ರಿಪೇರಿ ಮಾಡುತ್ತಾರೆ ಅಂದೆ. ಅವರು ನಂಬಲಿಲ್ಲ. ಫೋನಿನಲ್ಲಿದ್ದ ಗ್ಯಾರೇಜಿನ ಫೋಟೋ ತೋರಿಸಿದೆ: ಬಿಚ್ಚಿಟ್ಟ ಎಂಜಿನ್ನು, ಅದರ ಪಕ್ಕ ಸ್ಟೂಲಿನ ಮೇಲೆ ಕೂತ ಅಪ್ಪ, ಗೋಡೆಗೆ ಚಾಮುಂಡೇಶ್ವರಿಯ ಕ್ಯಾಲೆಂಡರ್. ಅವರು ಕನ್ನಡಕ ಹಣೆಗೇರಿಸಿ ಫೋಟೋ ದೊಡ್ಡದು ಮಾಡಿ ನೋಡಿದರು. ಮೊಮ್ಮಗನನ್ನು ಕರೆದು ಅವನಿಗೂ ತೋರಿಸಿದರು. ಆಮೇಲೆ ಒಂದೊಂದೇ ಹೇಳತೊಡಗಿದರು. ಯುದ್ಧದ ಕಾಲದಲ್ಲಿ, ದೇಶ ಜರ್ಮನರ ಕೈಯಲ್ಲಿದ್ದಾಗ, ಎಂಜಿನಿಯರುಗಳು ಕದ್ದುಮುಚ್ಚಿ ರೂಪಿಸಿದ 250 ಸಿಸಿ ಗಾಡಿ ‘ಪೇರಾಕ್’. ಪೇರೊ ಅಂದರೆ ಸ್ಪ್ರಿಂಗು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅದು ಹೊರಬಂತು. ಅಷ್ಟರಲ್ಲಿ ಯಾನೆಚೆಕ್ ತೀರಿಕೊಂಡು ಐದು ವರ್ಷವಾಗಿತ್ತು. ಅದರ ನಂತರದ್ದು ‘ಕೀವಾಚ್ಕಾ’, ತೂಗಾಡುವಂಥದ್ದು ಅಂತ ಅರ್ಥ, ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ಸ್ವಿಂಗ್ ಆರ್ಮಿನಿಂದಾಗಿ ಬಂದ ಅಡ್ಡಹೆಸರು. ನಮ್ಮ ಮೈಸೂರಿನ ಜಾವಾ ಈ ಕೀವಾಚ್ಕಾದ ಮಗಳು. ಹೊರಡುವಾಗ ಅಜ್ಜ ನನ್ನ ಕೈ ಹಿಡಿದುಕೊಂಡು ಅಪ್ಪನಿಗೆ ನಮಸ್ಕಾರ ತಿಳಿಸು ಅಂದರು. ಪ್ರಾಗ್ ಅಂದರೆ ಇನ್ನು ಮುಂದೆ ನನಗೆ ಮೊದಲು ನೆನಪಾಗುವುದು ಆ ಅಂಗೈಯ ಬಿಸಿ.

ಸಂಜೆ ಹಳೇ ಪಟ್ಟಣ ಸುತ್ತಿದೆ. ಚೆಕ್ ದೇಶದಲ್ಲಿ ಯೂರೋ ಅಲ್ಲ, ಕೊರುನಾ. ಚೌಕದ ಹತ್ತಿರದ ವಿನಿಮಯ ಅಂಗಡಿಯೊಂದರಲ್ಲಿ ಇಪ್ಪತ್ತು ಯೂರೋ ಕೊಟ್ಟು ಕೈಗೆ ಬಂದದ್ದನ್ನು ಎಣಿಸಿದಾಗ ಬೇಜಾರಾಯಿತು. ಕಾರ್ಡು ಬಹುತೇಕ ಎಲ್ಲ ಕಡೆ ನಡೆಯುತ್ತದೆ, ಸುಮ್ಮನೆ ಅದನ್ನೇ ಬಳಸಿ. 1410ರ ಖಗೋಳ ಗಡಿಯಾರದ ಎದುರು ಗಂಟೆ ಹೊಡೆಯುವುದನ್ನು ಕಾಯುತ್ತಾ ನಿಂತ ನೂರಾರು ಜನರಲ್ಲಿ ನಾನೂ ಒಬ್ಬಳಾದೆ. ಮೇಲಿನ ಕಿಟಕಿಗಳಲ್ಲಿ ಕ್ರಿಸ್ತನ ಶಿಷ್ಯರ ಗೊಂಬೆಗಳು ಹಾದುಹೋಗುವಾಗ ಜನ ಅವನ್ನೇ ನೋಡುತ್ತಾರೆ. ನನ್ನ ಕಣ್ಣು ಕೆಳಗಿನ ಮುಳ್ಳುಗಳ ಮೇಲಿತ್ತು. ಸೂರ್ಯ, ಚಂದ್ರ, ರಾಶಿಚಕ್ರ ಮೂರನ್ನೂ ಹಲ್ಲಿನ ಚಕ್ರಗಳಿಂದಲೇ ತಿರುಗಿಸುವ ಆ ಲೆಕ್ಕಾಚಾರ ಹಾಕಿದವರು ಎಂಥವರಿರಬೇಕು!

ರಾತ್ರಿ ಊಟಕ್ಕೆ ಆಲೂಗಡ್ಡೆ ಸೂಪು, ಅಣಬೆ ಗೊಜ್ಜಿನಂಥದ್ದರ ಜೊತೆ ‘ಕ್ನೆದ್ಲೀಕಿ’. ಹಿಟ್ಟನ್ನು ಉದ್ದಕ್ಕೆ ಉಂಡೆ ಕಟ್ಟಿ ಬೇಯಿಸಿ, ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಬಡಿಸುತ್ತಾರೆ. ಮನೆಗಳಲ್ಲಿ ಚಾಕುವಿನ ಬದಲು ದಾರದಲ್ಲಿ ಕತ್ತರಿಸುವುದುಂಟು, ಒತ್ತಿ ಹೋಗಬಾರದು ಅಂತ. ಆರು ತಿಂಗಳಿಂದ ಬ್ರೆಡ್ ತಿಂದು ಸಾಕಾಗಿದ್ದವಳಿಗೆ ಆ ಬಿಸಿ, ಮೆತ್ತನೆಯ ತುತ್ತು ಕಡುಬನ್ನೇ ನೆನಪಿಸಿತು. ಎರಡನೇ ಸಲ ಹಾಕಿಸಿಕೊಂಡೆ.

ಭಾನುವಾರ ಬೆಳಗಿನ ಜಾವ ಆರಕ್ಕೆ ಚಾರ್ಲ್ಸ್ ಸೇತುವೆ. 1357ರಲ್ಲಿ ಅಡಿಪಾಯ ಹಾಕಿದ ಈ ಕಲ್ಲಿನ ಸೇತುವೆಯ ಮೇಲೆ ಹಗಲು ಹೊತ್ತು ಭುಜಕ್ಕೆ ಭುಜ ತಾಗುತ್ತದಂತೆ. ಆ ಹೊತ್ತಿಗೆ ಬೆರಳೆಣಿಕೆಯ ಮಂದಿ. ಎರಡೂ ಕಡೆಯ ಸಂತರ ಪ್ರತಿಮೆಗಳು ಕಪ್ಪಗೆ ನಿಂತಿದ್ದವು, ಕೆಳಗೆ ವ್ಲಟಾವಾ ನದಿ ಆವಿ ಬಿಡುತ್ತಿತ್ತು. ಅದನ್ನು ಬಣ್ಣಿಸುವ ಶಕ್ತಿ ನನಗಿಲ್ಲ, ಬೇಗ ಎದ್ದು ಹೋಗಿ ನೋಡಿ ಅಂತಷ್ಟೇ ಹೇಳಬಲ್ಲೆ.

ಅಲ್ಲಿಂದ ಮೆಟ್ರೊ ಹಿಡಿದು ದಕ್ಷಿಣಕ್ಕೆ, ವಿಶೆಹ್ರಾದ್ ನಿಲ್ದಾಣಕ್ಕೆ. ಹೊರಬಂದರೆ ನುಸ್ಲೆ ಸೇತುವೆ. ಪ್ರವಾಸಿಗರು ಯಾರೂ ಇಲ್ಲ. ಕಣಿವೆಯ ಮೇಲೆ ನಲವತ್ತು ಮೀಟರಿಗೂ ಎತ್ತರದಲ್ಲಿ ಕಾಂಕ್ರೀಟ್ ರಸ್ತೆ, ಅದರ ಹೊಟ್ಟೆಯೊಳಗೆ ಮೆಟ್ರೊ ಹಳಿ. ಕಟ್ಟಿದ ಮೇಲೆ ಗಟ್ಟಿ ಇದೆಯೋ ಇಲ್ಲವೋ ಅಂತ ಸೈನ್ಯದ 66 ಯುದ್ಧ ಟ್ಯಾಂಕುಗಳನ್ನು ತಂದು ನಿಲ್ಲಿಸಿ ಪರೀಕ್ಷಿಸಿದ್ದರಂತೆ. ಎಂಜಿನಿಯರಿಂಗ್ ಓದುವವಳಿಗೆ ಇದೇ ಒಂದು ಯಾತ್ರಾಸ್ಥಳ. ಆದರೆ ನಾನು ಬಂದದ್ದು ಕೆಳಗಿರುವ ನುಸ್ಲೆಗಾಗಿ. ಯಾನೆಚೆಕ್‌ನ ಕಾರ್ಖಾನೆಯ ವಿಳಾಸದಲ್ಲಿದ್ದ ಹೆಸರು ಅದು, ಪ್ರಾಗ್-ನುಸ್ಲೆ. ಸೇತುವೆಯಿಂದ ನೋಡಿದರೆ ಕೆಂಪು ಹೆಂಚಿನ ಮನೆಗಳು, ಚಿಮಣಿಗಳು, ಮಧ್ಯೆ ಸಾಗುವ ಟ್ರಾಮು. ಯಾವ ಗೋಡೆಯೊಳಗೆ ಮೊದಲ ಎಂಜಿನ್ ಎದ್ದಿತೋ ಮೇಲಿನಿಂದ ಗೊತ್ತಾಗುವಂತಿರಲಿಲ್ಲ. ಆದರೂ ಇಲ್ಲೇ ಎಲ್ಲೋ ಅನ್ನುವುದೇ ನನಗೆ ಸಾಕಾಗಿತ್ತು.

ಗಂಟೆ ಒಂಬತ್ತು. ಮೈಸೂರಿನಲ್ಲಿ ಹನ್ನೆರಡೂವರೆ. ವಿಡಿಯೊ ಕಾಲ್ ಮಾಡಿದೆ. ಅಪ್ಪ ಗ್ಯಾರೇಜಿನಲ್ಲೇ ಇದ್ದರು. ಕೆಳಗಿನ ಕಣಿವೆಯತ್ತ ಫೋನು ತಿರುಗಿಸಿ ತೋರಿಸಿದೆ. ಅಜ್ಜನ ನಮಸ್ಕಾರ ತಲುಪಿಸಿದೆ. “ಯಾವಾ ಅಂತಾರಾ? ಯಾವಾ...” ಅಂತ ಎರಡು ಸಲ ಹೇಳಿ ನೋಡಿಕೊಂಡರು. ರಾತ್ರಿ ಕಳಿಸಿದ್ದ ಫೋಟೋಗಳ ಬಗ್ಗೆ ಕೇಳಿದೆ.

“ಎಲ್ಲಾ ನೋಡ್ದೆ ಕಣಮ್ಮ. ಮೂರನೇದ್ರಲ್ಲಿ ಕಿಕ್ಕರ್ ರಬ್ಬರ್ ಕಾಣ್ಸುತ್ತೆ, ದೊಡ್ದು ಮಾಡಿ ನೋಡು. ಹೊರಗಡೆ ಅಂಚು ಮಾತ್ರ ಸವ್ದಿದೆ. ನಮ್ಮ ಗಾಡಿಗಳಲ್ಲೂ ಹಂಗೇ ಸವೆಯೋದು. ಅದನ್ನ ಯಾರೋ ಚೆನ್ನಾಗಿ ಓಡ್ಸಿದಾರೆ.”

ಅಷ್ಟರಲ್ಲಿ ಗಿರಾಕಿ ಬಂದರು. “ಒಂದ್ನಿಮಿಷ” ಅಂದ ಅಪ್ಪ ಕಟ್ ಮಾಡದೆ ಫೋನನ್ನು ಬೆಂಚಿನ ಮೇಲಿಟ್ಟರು. ಪರದೆಯಲ್ಲಿ ತಗಡಿನ ಸೂರು ಮಾತ್ರ ಕಾಣುತ್ತಿತ್ತು. ಲಿವರ್ ಎತ್ತಿದ ಟಕ್ ಸದ್ದು, ಒಂದು ಕಿಕ್, ಎರಡನೇ ಕಿಕ್, ಆಮೇಲೆ ಡುಬ್ ಡುಬ್ ಡುಬ್ ಅಂತ ಗಾಡಿ ಎದ್ದಿತು. ನಾನು ಫೋನಿನ ಸದ್ದು ಪೂರ್ತಿ ಏರಿಸಿ, ಸೇತುವೆಯ ಕಂಬಿಗೆ ಒರಗಿ, ನುಸ್ಲೆಯ ಕಡೆ ಹಿಡಿದು ನಿಂತೆ.