ಫಾರ್ಮ್ ಸಿ ಬೇಕಿಲ್ಲದ ನೆಂಟರು

ಅಮೆರಿಕದ ಅಯೋವಾದಿಂದ ಮರಾಠಿ ಕಲಿಯಲೆಂದು ಪುಣೆಗೆ ಬಂದ ಹುಡುಗಿ ಉಳಿದುಕೊಂಡದ್ದು ನಮ್ಮ ಮನೆಯಲ್ಲಿ. ನಾವೋ ವಿಜಾಪುರದ ಕಡೆಯವರು. ಮಾವನವರ ಕಾಲದಿಂದ ನಾನಾ ಪೇಠೆಯಲ್ಲಿದ್ದರೂ ಹೊಸ್ತಿಲೊಳಗೆ ಕನ್ನಡವೇ. ಮನೆ ನೋಡಲು ಬಂದ ಅವಳ ಕೋರ್ಸಿನ ಸಂಯೋಜಕಿಗೆ ಇದನ್ನು ಮೊದಲೇ ಹೇಳಿದ್ದೆ. "ನಿಮ್ಮ ಅತ್ತೆಯ ಮರಾಠಿ ಸದಾಶಿವ ಪೇಠೆಯವರಿಗಿಂತ ಚೆನ್ನಾಗಿದೆ, ಸಾಕು" ಅಂದರು. ಶುದ್ಧ ಮರಾಠಿಗೆ ಹೆಸರಾದ ಪೇಠೆ ಅದು. ಅತ್ತೆ ಆ ಮಾತನ್ನು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದರು.

ಬೇರೆ ಕೋಣೆ, ಅದಕ್ಕೆ ಒಳಚಿಲಕ, ಓದಲು ಮೇಜು, ಫಿಲ್ಟರ್ ನೀರು, ಬೆಳಗಿನ ತಿಂಡಿ, ರಾತ್ರಿ ಊಟ, ಎಲ್ಲವೂ ಕರಾರಿನಲ್ಲಿ ಬರೆದಿತ್ತು. ಅದರ ಮೇಲೆ ಸರ್ಕಾರದ ಫಾರ್ಮ್ ಸಿ. ವಿದೇಶದವರು ಮನೆಗೆ ಬಂದ 24 ಗಂಟೆಯೊಳಗೆ ಪಾಸ್‌ಪೋರ್ಟು, ವೀಸಾದ ವಿವರ ಹಾಕಿ ಆನ್‌ಲೈನಿನಲ್ಲಿ ತುಂಬಬೇಕಿತ್ತು. ಹೋಟೆಲಿಗೂ ಅದೇ, ನಮ್ಮಂಥ ಮನೆಗೂ ಅದೇ. ನಮ್ಮ ಯಜಮಾನರು ಕನ್ನಡಕ ಏರಿಸಿಕೊಂಡು ಕೂತು ತುಂಬಿದರು.

ಹುಡುಗಿ ಒಳ್ಳೆಯವಳು. ನನಗೆ ಕೇಳಿದರೆ, ಬೇಕಾದ್ದಕ್ಕಿಂತ ತುಸು ಹೆಚ್ಚೇ ಒಳ್ಳೆಯವಳು. ಏನು ಬಡಿಸಿದರೂ ಛಾನ್, ಎಷ್ಟು ಬಡಿಸಿದರೂ ಧನ್ಯವಾದ. ತಟ್ಟೆ ತೊಳೆಯಲು ಹೋದರೆ ಅತ್ತೆ ಕೈಯಿಂದ ಕಿತ್ತುಕೊಳ್ಳುತ್ತಿದ್ದರು. ಊಟವಾದ ಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಮುಗಿಯಿತು. "ಅಕೀ ಮನ್ಯಾಗ ಇದ್ದಾಳೋ ಇಲ್ಲೋ ತಿಳಿಯಂಗಿಲ್ಲ" ಅಂತ ಅತ್ತೆಗೆ ಕೊರಗು. ಬೀಗರ ಮನೆಯಲ್ಲಿ ಕೂತವರ ಹಾಗೆ ಎರಡೂ ಕಡೆ ಉಪಚಾರವೇ ಆಯಿತು.

ಅಷ್ಟರಲ್ಲಿ ಪಾಲಖಿ, ಅಂದರೆ ಸಂತರ ಪಾದುಕೆಯ ಪಲ್ಲಕ್ಕಿ, ಬಂತು. ದೇಹೂದಿಂದ ತುಕಾರಾಮರದು, ಆಳಂದಿಯಿಂದ ಜ್ಞಾನೇಶ್ವರರದು. ಎರಡೂ ಪಂಢರಪುರಕ್ಕೆ ಹೋಗುವ ದಾರಿಯಲ್ಲಿ ಪುಣೆಯಲ್ಲಿ ಎರಡು ರಾತ್ರಿ ತಂಗುತ್ತವೆ. ತುಕಾರಾಮರದು ನಮ್ಮ ಪೇಠೆಯ ನಿವಡುಂಗ್ಯಾ ವಿಠೋಬಾ ಗುಡಿಯಲ್ಲಿ, ಜ್ಞಾನೇಶ್ವರರದು ಪಕ್ಕದ ಭವಾನಿ ಪೇಠೆಯ ಪಾಲಖಿ ವಿಠೋಬಾ ಗುಡಿಯಲ್ಲಿ. ಪಾದುಕೆಗಳನ್ನು ಪಲ್ಲಕ್ಕಿಯಲ್ಲಿಟ್ಟು ಒಯ್ಯುವ ಪದ್ಧತಿಯನ್ನು ತುಕಾರಾಮರ ಮಗ ನಾರಾಯಣ ಮಹಾರಾಜರು 1685ರಲ್ಲಿ ಶುರುಮಾಡಿದರಂತೆ. ಆ ಎರಡು ದಿನ ನಮ್ಮ ಪೇಠೆಗಳಲ್ಲಿ ಶಾಲೆ, ಮಂಗಲ ಕಾರ್ಯಾಲಯ, ಅಂಗಡಿಯ ಕಟ್ಟೆ ಯಾವುದೂ ಖಾಲಿ ಇರುವುದಿಲ್ಲ. ನಮ್ಮಲ್ಲಿಗೆ ಮಾವನವರ ಕಾಲದಿಂದಲೂ ಪಾಲಖಿಯ ಜೊತೆ ನಡೆಯುವ ಪರಭಣಿ ಕಡೆಯ ತಂಡದ, ಅಂದರೆ ದಿಂಡಿಯ ಹೆಂಗಸರು, ಜೊತೆಗೆ ನಾಲ್ಕಾರು ಮುದುಕರು ಬರುತ್ತಾರೆ. ಇವರಿಗೆ ಯಾವ ಫಾರ್ಮೂ ಇಲ್ಲ. ಎಷ್ಟೋ ಜನರ ಹೆಸರು ಕೂಡ ನಮಗೆ ಇವತ್ತಿಗೂ ಗೊತ್ತಿಲ್ಲ, ಎಲ್ಲರೂ ಮಾವುಲಿ, ಅಂದರೆ ತಾಯಿ.

ಯಜಮಾನರಿಗೆ ಕರಾರಿನ ಚಿಂತೆ. ಹುಡುಗಿಯ ಕೋಣೆಗೆ ಯಾರನ್ನೂ ಬಿಡುವ ಹಾಗಿಲ್ಲವಲ್ಲ! ಸಂಯೋಜಕಿಗೆ ಫೋನ್ ಮಾಡೋಣವೇ ಬೇಡವೇ ಅಂತ ಅವರು ಯೋಚಿಸುವಷ್ಟರಲ್ಲಿ ಅವಳೇ ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಿ, ಮೇಜಿನ ಮೇಲಿನ ಪುಸ್ತಕ ಎತ್ತಿಟ್ಟು, ಇಬ್ಬರು ಅಜ್ಜಿಯರನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿಯಾಗಿತ್ತು. ಅತ್ತೆ ನನಗೆ ಕಣ್ಣು ಮಾಡಿದರು. "ಇನ್ನ ಅಕೀಗೂ ಕೆಲಸ ಹಚ್ಚು."

ರೊಟ್ಟಿ ಬಡಿಯಲು ಕೂತಳು. ಅದು ಆಗುವ ಕೆಲಸವಲ್ಲ. ಮೊದಲನೆಯದೇ ನಡುವೆ ಹರಿಯಿತು. ಚಹಾದ ಕಿಟ್ಲಿ ಕೊಟ್ಟೆವು. ಒಬ್ಬ ಮುದುಕರ ಎದುರು ಬಗ್ಗಿ ಕಪ್ಪು ಕೊಟ್ಟದ್ದೇ ತಡ, ಅವರು ಕಪ್ಪು ಪಕ್ಕಕ್ಕಿಟ್ಟು ಅವಳ ಕಾಲು ಮುಟ್ಟಿ ನಮಸ್ಕರಿಸಿದರು. ಹುಡುಗಿ ಹೌಹಾರಿ ಹಿಂದೆ ಸರಿದಳು, ಚಹಾ ಚೆಲ್ಲಿತು. ವಾರಕರಿಗಳು, ಅಂದರೆ ಪಂಢರಪುರಕ್ಕೆ ನಡೆದು ಹೋಗುವ ಈ ಯಾತ್ರಿಕರು, ವಯಸ್ಸು, ಜಾತಿ ನೋಡದೆ ಒಬ್ಬರ ಕಾಲು ಒಬ್ಬರು ಮುಟ್ಟುತ್ತಾರೆಂದು ಅವಳು ಓದಿಕೊಂಡೇ ಬಂದಿದ್ದಳು. ಆದರೆ ಓದಿದ್ದರಲ್ಲಿ ತನ್ನ ಕಾಲೂ ಸೇರುತ್ತದೆಂದು ಹೊಳೆದಿರಲಿಲ್ಲ. "ನೀನೂ ತಿರುಗಿ ಮುಟ್ಟು, ಅಷ್ಟೆ" ಅಂದೆ. ಮುಟ್ಟಿದಳು. ಆಮೇಲೆ ಬಿಸಿನೀರು, ಕೊಬ್ಬರಿ ಎಣ್ಣೆ ಹಿಡಿದು ಬೊಬ್ಬೆ ಎದ್ದ ಕಾಲುಗಳ ನಡುವೆ ಕೂತವಳು ಊಟದ ತನಕ ಏಳಲಿಲ್ಲ.

ಊಟವಾದ ಮೇಲೆ ಮಾಳಿಗೆಯಲ್ಲಿ ಭಜನೆ. ಅತ್ತೆ ಪುರಂದರದಾಸರ ಪದ ಎತ್ತಿಕೊಂಡರು, ಪರಭಣಿಯವರು ತಾಳ ಹಿಡಿದರು. ವಿಠ್ಠಲನ ವಿಷಯದಲ್ಲಿ ಅತ್ತೆಗೆ ಸ್ವಲ್ಪ ಜಂಬ. ಜ್ಞಾನೇಶ್ವರರೇ ಒಂದು ಅಭಂಗದಲ್ಲಿ ಅವನನ್ನು ಕಾನಡಾ, ಕರ್ನಾಟಕದವನು ಅಂದಿದ್ದಾರಲ್ಲ.

ಭಜನೆ ಮುಗಿದು ಹುಡುಗಿ ನೋಟ್‌ಬುಕ್ ತೆಗೆದಳು. ವಾರಿಗೆ, ಅಂದರೆ ಈ ಪಾದಯಾತ್ರೆಗೆ ಯಾಕೆ ಬರುತ್ತೀರಿ, ವಿಠೋಬಾ ನಿಮಗೇನು, ಇಂಥವು ಬರೆದುಕೊಂಡಿದ್ದಳು. ಹೆಂಗಸರಿಗೆ ಅದರಲ್ಲಿ ಆಸಕ್ತಿಯೇ ಇರಲಿಲ್ಲ. ಒಬ್ಬಾಕೆ ತಿರುಗಿ ಕೇಳಿದಳು: "ನಿಮ್ಮಪ್ಪ ಏನು ಮಾಡ್ತಾನೆ?" ಹೊಲ ಇದೆ ಅಂದಳು. ಏನು ಬಿತ್ತುತ್ತೀರಿ? ಮೆಕ್ಕೆಜೋಳ, ಸೋಯಾಬೀನ್.

ಸೋಯಾಬೀನ್! ಮಾಳಿಗೆಯ ಮೇಲೆ ಮಲಗಿದ್ದವರೂ ಎದ್ದು ಕೂತರು. ಪರಭಣಿಯಲ್ಲಿ ಈಗ ಎತ್ತ ನೋಡಿದರೂ ಅದೇ ಬೆಳೆ. ಕೆಲವರು ಬಿತ್ತಿ ಬಂದಿದ್ದರು. ಮಳೆ ಸಾಲದೆ ಬೀಜ ಮನೆಯಲ್ಲೇ ಇಟ್ಟು ಬಂದವರೂ ಇದ್ದರು. ಎಕರೆಗೆ ಎಷ್ಟು ಬರುತ್ತದೆ? ಹುಡುಗಿಯ ಊರಿನದು ಬುಶೆಲ್ ಲೆಕ್ಕ. ಸೋಯಾಬೀನಿನ ಒಂದು ಬುಶೆಲ್ ಅಂದರೆ 27 ಕೆ.ಜಿ. ಚಿಲ್ಲರೆ, ಎಕರೆಗೆ 60ರ ಆಸುಪಾಸು. ಮೊಬೈಲಿನಲ್ಲಿ ಗುಣಿಸಿ 16 ಕ್ವಿಂಟಾಲ್ ಅಂದಾಗ ಯಾರೂ ನಂಬಲಿಲ್ಲ. ಧಾರಣೆ ಎಷ್ಟು ಅಂತ ಕೇಳಿದರು. ಅದು ಅವಳಿಗೂ ತಿಳಿಯದು, ನೇರ ಅಪ್ಪನಿಗೇ ವಿಡಿಯೋ ಕಾಲ್ ಹಚ್ಚಿದಳು. ಇಲ್ಲಿ ರಾತ್ರಿ, ಅಲ್ಲಿ ಬೆಳಗು. ಆ ಮನುಷ್ಯ ಹೊಲದಲ್ಲೇ ಇದ್ದ. ಫೋನ್ ತಿರುಗಿಸಿ ಸಾಲು ತೋರಿಸಿದ. ಬದುವಿಲ್ಲ, ಮರವಿಲ್ಲ, ಕಣ್ಣು ಹೋದಷ್ಟೂ ಹಸಿರು. ಹೆಂಗಸರು ಬೆಳೆಯನ್ನು ಬಿಟ್ಟು ಬೇರೆ ಏನನ್ನೋ ಹುಡುಕಿದರು.

"ಕಳೆ ತೆಗೆಯೋ ಆಳುಗಳೆಲ್ಲಿ?"

ಆಳಿಲ್ಲ, ಅಪ್ಪ ಮತ್ತು ಅಣ್ಣ ಇಬ್ಬರೇ ಅಂದಳು.

"ಇಷ್ಟು ಹೊಲದಾಗ ಇಬ್ಬರೇ?" ಅಜ್ಜಿ ಲೊಚಗುಟ್ಟಿದಳು. "ಪಾಪ, ಮಾತಾಡಲಿಕ್ಕೂ ಯಾರೂ ಇಲ್ಲ."

ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ಅಪ್ಪನಿಗೆ ಹೇಳಿದಳು. ಆತ ಜೋರಾಗಿ ನಕ್ಕು, ಅಜ್ಜಿ ಹೇಳಿದ್ದು ಖರೆ ಅಂದ. ನೋಟ್‌ಬುಕ್ಕಿನ ಪ್ರಶ್ನೆಗಳು ಅಲ್ಲೇ ಉಳಿದವು. ಸಾಲ, ಗೊಬ್ಬರದ ಬೆಲೆ, ಯಾರ ಸೊಸೆ ಹೊಲಕ್ಕೆ ಹೋಗುವುದಿಲ್ಲ, ಎಲ್ಲವೂ ಬಂತು. ತರಗತಿಯ ಮರಾಠಿ ಸಾಲದೆ ಕೈಸನ್ನೆ ಮಾಡುತ್ತ, ನಡುವೆ ನನ್ನನ್ನು ಕೂಗುತ್ತ, ಅವಳು ಮಲಗುವಾಗ ನಡುರಾತ್ರಿ.

ಮೂರನೆಯ ಬೆಳಗು ದಿಂಡಿ ಹೊರಟಾಗ ಹಡಪಸರ ತನಕ ಜೊತೆಗೆ ನಡೆದಳು. ಅಲ್ಲಿಂದ ಜ್ಞಾನೇಶ್ವರರ ಪಾಲಖಿ ದಿವೇ ಘಾಟ್ ಹತ್ತಿ ಸಾಸವಡಕ್ಕೆ, ತುಕಾರಾಮರದು ಸೋಲಾಪುರ ರಸ್ತೆ ಹಿಡಿದು ಲೋಣಿಗೆ. ಬಸ್ಸಿನಲ್ಲಿ ತಿರುಗಿ ಬಂದವಳು ನೇರ ಅಡುಗೆಮನೆಗೆ ನುಗ್ಗಿ ಡಬ್ಬಿ ತೆಗೆದು ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಂಡಳು. ಧನ್ಯವಾದ ಹೇಳಲಿಲ್ಲ. ಅತ್ತೆಗೆ ಪರಮ ಸಂತೋಷ. ತಟ್ಟೆಯನ್ನು ಅವಳೇ ತೊಳೆದಳು, ಅತ್ತೆ ತೊಳೆಯಲು ಬಿಟ್ಟರು.

ಹುಡುಗಿ ಓದು ಮುಗಿಸಿ ಊರಿಗೆ ಹೋದಳು. ಅವಳ ಅಪ್ಪ ಮಾತ್ರ ಮಳೆಗಾಲ ಬಂದರೆ ನಮ್ಮ ಯಜಮಾನರಿಗೆ ವಾಟ್ಸಾಪ್ ಮಾಡುತ್ತಾನೆ, ಪರಭಣಿಯಲ್ಲಿ ಮಳೆ ಆಯಿತೇ ಅಂತ. ನಾನು ದಿಂಡಿಯವರಿಗೆ ಫೋನ್ ಹಚ್ಚಿ ಕೇಳಿ ಹೇಳುತ್ತೇನೆ. ಅವರೂ ಸುಮ್ಮನೆ ಬಿಡುವುದಿಲ್ಲ, "ಆ ಪಾಪದವನಿಗೆ ಆಳು ಸಿಕ್ಕರೇನು?" ಅಂತ ಕೇಳುತ್ತಾರೆ.