ಕೊಕೇನ್ ಯಾವ ಹೊಲದ್ದು?

ವಶಪಡಿಸಿಕೊಂಡ ಬಿಳಿ ಪುಡಿ ಕೊಕೇನ್ ಹೌದೋ ಅಲ್ಲವೋ ಎಂದು ಹೇಳಲು ಜಿಸಿ-ಎಂಎಸ್ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ, ಅಣುವಿನ ತೂಕದ ಮೂಲಕ ಗುರುತಿಸುವ ಯಂತ್ರ) ಸಾಕು. ಅದರ ಮೂಲವಾದ ಕೋಕಾ ಗಿಡದ ಎಲೆ ಬೆಳೆದದ್ದು ಕೊಲಂಬಿಯಾದಲ್ಲೋ, ಪೆರುವಿನಲ್ಲೋ, ಬೊಲಿವಿಯಾದಲ್ಲೋ ಎಂದು ತಿಳಿಯಲು ಬೇರೆಯೇ ಸಾಕ್ಷಿ ಬೇಕು.

ಎಲೆಯಿಂದಲೇ ಬರುವ ಟ್ರುಕ್ಸಿಲಿನ್ ಮತ್ತು ಟ್ರೈಮೆಥಾಕ್ಸಿಕೊಕೇನ್ ಎಂಬ ಅಲ್ಪ ಪ್ರಮಾಣದ ಆಲ್ಕಲಾಯ್ಡ್‌ಗಳ ಪ್ರಮಾಣ, ಜೊತೆಗೆ ಇಂಗಾಲ-13, ಸಾರಜನಕ-15 ಎಂಬ ಐಸೊಟೋಪ್‌ಗಳ (ಅದೇ ಧಾತುವಿನ ತುಸು ಭಾರದ ಪರಮಾಣುಗಳ) ಅನುಪಾತ ಇಲ್ಲಿ ಮುಖ್ಯ. ಗಾಳಿಯ ತೇವಾಂಶ, ಮಳೆಗಾಲದ ಉದ್ದ, ಮಣ್ಣಿನ ಸೂಕ್ಷ್ಮಜೀವಿಗಳ ಕೆಲಸ ಇವೆಲ್ಲ ಗಿಡದಲ್ಲಿ ಗುರುತು ಬಿಡುತ್ತವೆ. 2000ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ಎರಡು ಆಲ್ಕಲಾಯ್ಡ್, ಎರಡು ಐಸೊಟೋಪ್ ಈ ನಾಲ್ಕನ್ನೂ ಒಟ್ಟಿಗೆ ಅಳೆದು, 200 ಮಾದರಿಗಳಲ್ಲಿ ಶೇ. 96ರ ಮೂಲವನ್ನು ಸರಿಯಾಗಿ ಗುರುತಿಸಿತು.

ಕೆಲಸ ಕೆಡುವುದು ಹೆಚ್ಚಾಗಿ ಶುದ್ಧೀಕರಣದಲ್ಲಿ. ಬೆರಕೆಗೆ ಬಳಸುವ ಲೆವಾಮಿಸೋಲ್ ಎಂಬ ಜಂತುನಾಶಕ ಔಷಧದಲ್ಲೂ ಸಾರಜನಕವಿದೆ. ಕಬ್ಬಿನ ಸಕ್ಕರೆ ಬೆರೆತಿದ್ದರೆ ಇಂಗಾಲ-13ರ ಪಾಲು ಏರುತ್ತದೆ: ಕಬ್ಬು ಸಿ4 ಸಸ್ಯ, ಕೋಕಾ ಸಿ3; ಇಂಗಾಲವನ್ನು ಹಿಡಿಯುವ ರೀತಿ ಬೇರೆಯಾದ್ದರಿಂದ ಸಿ4 ಸಸ್ಯಗಳಲ್ಲಿ ಇಂಗಾಲ-13 ಹೆಚ್ಚು. ಕೊಕೇನನ್ನು ಬೇರ್ಪಡಿಸದೆ ಇಡೀ ಪುಡಿಯನ್ನೇ ಐಆರ್‌ಎಂಎಸ್‌ಗೆ (ಐಸೊಟೋಪ್ ಅನುಪಾತ ಅಳೆಯುವ ಯಂತ್ರಕ್ಕೆ) ಹಾಕಿದರೂ ಯಂತ್ರ ಸಂಖ್ಯೆ ಕೊಡುತ್ತದೆ, ಆ ಸಂಖ್ಯೆ ಕೋಕಾ ಬೆಳೆಯುವ ಯಾವುದೋ ತಪ್ಪು ಕಣಿವೆಗೆ ಹೊಂದಿಕೊಂಡೂ ಬಿಡಬಹುದು. ನನಗೆ ಅತಿ ಅಪಾಯಕಾರಿ ಎನಿಸುವುದು ಇದೇ.

ಹರಳಿನೊಳಗೆ ಸಿಕ್ಕಿಕೊಂಡ ದ್ರಾವಕದ ಶೇಷವನ್ನು ಹೆಡ್‌ಸ್ಪೇಸ್ ಜಿಸಿ (ಮಾದರಿಯ ಮೇಲಿನ ಆವಿಯನ್ನು ಪರೀಕ್ಷಿಸುವ ವಿಧಾನ) ತೋರಿಸುತ್ತದೆ. ಅದು ಸಂಸ್ಕರಣೆಯ ಸುಳಿವು, ಹೊಲದ್ದಲ್ಲ. ವರದಿಯಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿಯೇ ಬರೆಯಬೇಕು.